ಕೆರೆ ಅಂಚಿನ ಜವಳು, ಅಲ್ಲಿನ ಗಿಡ, ಅಲ್ಲಿನ ಹಕ್ಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಸುರಪುರದ ಕಡೆ. ಬೋನಾಳ ಕೆರೆಗೆ ಹೋಗಿ ಕೂರುವುದು ನನಗೆ ಎಷ್ಟೋ ವರ್ಷದ ರೂಢಿ. ಕೊರಳಲ್ಲಿ ದುರ್ಬೀನು ಕಂಡರೆ ಸಾಕು, ಎಮ್ಮೆ ಕಾಯುವವರು, ಮೀನು ಹಿಡಿಯುವವರು, ಹೊಲಕ್ಕೆ ಹೊರಟವರು ಎಲ್ಲರೂ ನಿಂತು ಮಾತಾಡಿಸುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಕೂಡಿಸಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದದ್ದು.

ಜವಳು ಅಂದರೆ ಕೆರೆನೇ ಅಲ್ವಾ?

ಕೆರೆಯ ಒಂದು ಭಾಗ ಅನ್ನಿ. ಏರಿ ಮೇಲೆ ನಿಂತರೆ ನಿಮ್ಮ ಕಾಲ ಬುಡದಲ್ಲಿ, ತೂಬಿನ ಹತ್ತಿರ, ನೀರು ಆಳ. ಈಗ ಎದುರಿಗೆ, ಹಳ್ಳ ಬಂದು ಕೂಡುವ ಕಡೆ ನೋಡಿ. ಅಲ್ಲಿ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಮೊಣಕಾಲುದ್ದ ನೀರು, ಆಮೇಲೆ ಗೇಣುದ್ದ, ಆಮೇಲೆ ಬರೀ ರಾಡಿ, ಆಮೇಲೆ ಹಸಿ ಹುಲ್ಲು. ಮಳೆ ಜಾಸ್ತಿ ಆದ ವರ್ಷ ಈ ಪಟ್ಟಿ ಹೊಲಗಳ ಕಡೆ ಹತ್ತುತ್ತದೆ, ಬರ ಬಿದ್ದ ವರ್ಷ ಕೆರೆ ಒಳಕ್ಕೆ ಇಳಿಯುತ್ತದೆ. ಇದೇ ಜವಳು. ಜವುಗು, ಜೌಗು ಅಂತಲೂ ಅನ್ನುತ್ತಾರೆ.

ನಮ್ಮದು ಎರೆ ಭೂಮಿ. ಎರೆಮಣ್ಣು ನೀರು ಕುಡಿದು ಉಬ್ಬಿದರೆ ಬಿಗಿಯಾಗಿಬಿಡುತ್ತದೆ, ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಅದಕ್ಕೇ ಇಷ್ಟು ಕಡಿಮೆ ಮಳೆಯ ಸೀಮೆಯಲ್ಲೂ ಮಳೆಗಾಲ ಮುಗಿದು ಎಷ್ಟೋ ದಿನ ಕೆರೆ ಅಂಚು ಹಸಿಯಾಗಿ ಉಳಿಯುತ್ತದೆ. ಆ ಹಸಿಯ ಮೇಲೆ ಎಷ್ಟು ಜೀವ ನಿಂತಿದೆ ಅನ್ನುವುದನ್ನು ಹೇಳಲಿಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಆ ರಾಡಿಯಲ್ಲಿ ಗಿಡದ ಬೇರು ಕೊಳೆಯುವುದಿಲ್ಲ ಯಾಕೆ? ವಾಸನೆ ಬೇರೆ ಬರುತ್ತದಲ್ಲ?

ಒಳ್ಳೆಯ ಪ್ರಶ್ನೆ. ತೊಗರಿ ಹೊಲದಲ್ಲಿ ನಾಲ್ಕು ದಿನ ನೀರು ನಿಂತರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ನೀರಿನ ನಡುವೆಯೇ ಬಾಡುತ್ತದೆ, ಯಾಕಂದರೆ ಬೇರಿಗೂ ಉಸಿರಾಡಲು ಗಾಳಿ ಬೇಕು, ಮಣ್ಣಿನ ಸಂದಿಯಲ್ಲಿದ್ದ ಗಾಳಿಯನ್ನು ನೀರು ಹೊರಗೆ ತಳ್ಳಿರುತ್ತದೆ.

ಜವಳಿನ ಗಿಡಗಳು ಇದಕ್ಕೆ ಒಂದು ದಾರಿ ಮಾಡಿಕೊಂಡಿವೆ. ಒಂದು ತಾವರೆ ದಂಟು ಮುರಿದು ನೋಡಿ, ಒಳಗೆ ಉದ್ದಕ್ಕೂ ತೂತುಗಳು. ಆಪು ಅಂದರೆ ಕೆರೆ ಅಂಚಿನ ಎತ್ತರದ ಜೊಂಡು, ಅದರ ಎಲೆಯನ್ನು ಬುಡದಲ್ಲಿ ಅಡ್ಡ ಕೊಯ್ದರೆ ಒಳಗೆ ಸ್ಪಂಜಿನ ಹಾಗೆ ಖಾನೆ ಖಾನೆ. ಮೇಲಿನ ಗಾಳಿ ಈ ಕೊಳವೆಗಳಲ್ಲಿ ಇಳಿದು ಬೇರಿಗೆ ಮುಟ್ಟುತ್ತದೆ. ಬೇರಿನಿಂದ ಸ್ವಲ್ಪ ಗಾಳಿ ಸುತ್ತಲಿನ ಕೆಸರಿಗೂ ಸೋರುತ್ತದೆ, ಅಲ್ಲಿ ಬೇರೆ ಸಣ್ಣ ಜೀವಿಗಳು ಬದುಕುತ್ತವೆ, ನೀರಲ್ಲಿ ಬಂದ ಕೊಳೆಯನ್ನು ತಿಂದು ಕರಗಿಸುತ್ತವೆ. ಹಳ್ಳದಿಂದ ಬಂದ ನೀರು ಆಪು ದಾಟಿ ಕೆರೆಗೆ ಬರುವಷ್ಟರಲ್ಲಿ ತಿಳಿಯಾಗುವುದಕ್ಕೆ ಇದೂ ಒಂದು ಕಾರಣ. ದಟ್ಟ ಕಡ್ಡಿಗಳ ನಡುವೆ ನೀರಿನ ಓಟ ನಿಧಾನವಾಗಿ ಮಣ್ಣು ಕೆಳಗೆ ಕೂರುವುದು ಇನ್ನೊಂದು ಕಾರಣ.

ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್ ಅನಿಲದಿಂದ. ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಕೋಲಿನಿಂದ ತಿವಿದಾಗ ಗುಳುಗುಳು ಅಂತ ಏಳುವ ಗುಳ್ಳೆಗಳಲ್ಲಿ ಮೀಥೇನ್ ಜಾಸ್ತಿ, ಗೋಬರ್ ಗ್ಯಾಸಿನಲ್ಲಿ ಇರುವುದೂ ಅದೇ. ಈ ವಾಸನೆ ಬಂದಾಕ್ಷಣ ಕೆರೆ ಹಾಳಾಯಿತು ಅಂತ ತಿಳಿಯಬೇಡಿ. ಚರಂಡಿ ನೀರು ಸೇರಿದಾಗ ಬರುವ ನಾತವೇ ಬೇರೆ. ಒಂದೆರಡು ಸಲ ಎರಡೂ ಕಡೆ ನಿಂತರೆ ಮೂಗಿಗೇ ಗೊತ್ತಾಗುತ್ತದೆ.

ಅಲ್ಲಿ ಯಾವ್ಯಾವ ಗಿಡ ಇರುತ್ತವೆ?

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆಪು. ಆಳೆತ್ತರ, ಆಳಿಗಿಂತ ಎತ್ತರ ಬೆಳೆಯುತ್ತದೆ. ತುದಿಯಲ್ಲಿ ಕಂದು ಬಣ್ಣದ ದುಂಡನೆಯ ತೆನೆ, ನೋಡಲು ಸಜ್ಜೆ ತೆನೆಯ ಹಾಗೆ. ಅದು ಒಡೆದಾಗ ಹತ್ತಿಯ ಹಾಗೆ ಬೀಜ ಹಾರುತ್ತವೆ, ಒಂದೊಂದು ತೆನೆಯಿಂದ ಲಕ್ಷಗಟ್ಟಲೆ. ಇದನ್ನು ಜಂಬು ಅನ್ನುವವರೂ ಇದ್ದಾರೆ, ಎಲೆಯಿಂದ ಚಾಪೆ ಹೆಣೆಯುತ್ತಾರೆ. ಅದಕ್ಕಿಂತ ಗಿಡ್ಡ ಇರುವುದು ಜೇಕು, ಅದರ ಕಡ್ಡಿ ಮುಟ್ಟಿದರೆ ಮೂರು ಮೂಲೆ ಕೈಗೆ ಸಿಗುತ್ತವೆ. ಇನ್ನೂ ದಡಕ್ಕೆ ಬಂದರೆ ಹೊನಗೊನೆ. ನಮ್ಮ ಆಯಿ ಕೆರೆ ಕಡೆ ಹೋದರೆ ಸೆರಗಿನಲ್ಲಿ ಈ ಸೊಪ್ಪು ಇಲ್ಲದೆ ಬರುತ್ತಿರಲಿಲ್ಲ, ಬೇಳೆ ಹಾಕಿ ಪಲ್ಯ ಮಾಡಿ ಜೋಳದ ರೊಟ್ಟಿಗೆ ಹಚ್ಚಿ ಕೊಡುತ್ತಿದ್ದಳು. ಈಗ ಕೀಳುವ ಮುಂಚೆ ಆ ಕಡೆ ಚರಂಡಿ ಸೇರುತ್ತದಾ ಅಂತ ನೋಡಿಕೊಳ್ಳಿ.

ನೀರಿನ ಮೇಲೆ ತಾವರೆ, ನೈದಿಲೆ. ಇವೆರಡನ್ನು ಜನ ಅದಲು ಬದಲು ಮಾಡುತ್ತಾರೆ. ಎಲೆ ನೋಡಿ. ತಾವರೆ ಎಲೆ ಪೂರ್ತಿ ದುಂಡು, ದೊಡ್ಡದಾದ ಮೇಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಮೇಲೆ ಬಿದ್ದ ಹನಿ ಪಾದರಸದ ಹಾಗೆ ಉರುಳುತ್ತದೆ. ನೈದಿಲೆ ಎಲೆಗೆ ಒಂದು ಕಡೆ ಸೀಳು ಇರುತ್ತದೆ, ನೀರಿಗೆ ಅಂಟಿಕೊಂಡೇ ಮಲಗಿರುತ್ತದೆ. ನೀರಿನ ಒಳಗೆ ಕಾಣದೆ ಇರುವ ಪಾಚಿ, ಎಳೆ ಎಳೆ ಗಿಡಗಳು ಬೇರೆ. ಬಾತುಗಳು ಕೆರೆಗೆ ಬರುವುದು ಬಹಳಷ್ಟು ಇವುಗಳ ಆಸೆಗೆ.

ಇನ್ನು ಜಾಲಿ. ಕೆರೆ ಅಂಗಳದಲ್ಲಿ ನೀರು ನಿಂತರೂ ತಡೆಯುವ ನಮ್ಮ ಹಳೆಯ ಕರಿ ಜಾಲಿ. ಸುತ್ತ ನೀರು, ಮೈಗೆ ಮುಳ್ಳು, ಹಾಗಾಗಿ ಬೆಕ್ಕು ನಾಯಿ ಹತ್ತುವುದಿಲ್ಲ. ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆಗಳಿಗೆ ಗೂಡು ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಗೀಜಗ ಕೂಡ ನೀರಿನ ಮೇಲೆ ಬಾಗಿದ ಜಾಲಿ ಕೊಂಬೆಯನ್ನೇ ಹುಡುಕುತ್ತದೆ. ಇದನ್ನು ಬಳ್ಳಾರಿ ಜಾಲಿಯ ಜೊತೆ ಸೇರಿಸಿ ಕಡಿಯಬೇಡಿ, ಅದು ಹೊರಗಿನಿಂದ ಬಂದದ್ದು, ಬೇರೆ ಗಿಡ.

ಅಂತರಗಂಗೆ ಹೂವು ಎಷ್ಟು ಚೆಂದ ಇದೆ, ಅದನ್ನು ಯಾಕೆ ಕೀಳಬೇಕು ಅಂತೀರಿ?

ಹೂವು ಚೆಂದವೇ. ಆದರೆ ನೇರಳೆ ಹೂವಿನ, ಬುರುಡೆ ದಂಟಿನ ಈ ಅಂತರಗಂಗೆ ದಕ್ಷಿಣ ಅಮೆರಿಕದ್ದು. ಅದನ್ನು ತಿಂದು ಹತೋಟಿಯಲ್ಲಿಡುವ ಹುಳ ನಮ್ಮ ಕೆರೆಯಲ್ಲಿ ಇರಲಿಲ್ಲ. ಚರಂಡಿಯ ಗೊಬ್ಬರ ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟು ಆಗುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ದೀಪಾವಳಿಗೆ ಒಂದು ಮೂಲೆಯಲ್ಲಿದ್ದದ್ದು ಯುಗಾದಿಗೆ ಕೆರೆ ಪೂರ್ತಿ. ಬಿಸಿಲು ಒಳಗೆ ಹೋಗುವುದಿಲ್ಲ, ಒಳಗಿನ ಗಿಡ ಸಾಯುತ್ತದೆ, ನೀರಲ್ಲಿ ಆಮ್ಲಜನಕ ಇಳಿಯುತ್ತದೆ, ಮೀನು ಸಾಯುತ್ತವೆ.

ಕೈಯಿಂದ ಎಳೆದು ದಡಕ್ಕೆ ಹಾಕಿ ಒಣಗಿಸುವುದೇ ಸರಿಯಾದ ದಾರಿ. ಔಷಧ ಹೊಡೆದರೆ ಅದು ಅಲ್ಲೇ ಕೊಳೆತು ಇನ್ನಷ್ಟು ಕೆಡುಕು. ಬೀಜ ಕೆಸರಿನಲ್ಲಿ ಹದಿನೈದು ವರ್ಷ ಕೂಡ ಜೀವ ಹಿಡಿದುಕೊಂಡು ಇರಬಲ್ಲದು, ಆದ್ದರಿಂದ ಒಂದು ವರ್ಷ ಕಿತ್ತು ಫೋಟೋ ಹೊಡೆಸಿಕೊಂಡರೆ ಸಾಲದು. ಪ್ರತಿ ವರ್ಷ, ಹೂ ಬಿಡುವ ಮುಂಚೆ. ಮೊದಲು ಚರಂಡಿ ಬಾಯಿ ಬಂದ್ ಆಗಬೇಕು, ಇಲ್ಲದಿದ್ದರೆ ಎಷ್ಟು ಕಿತ್ತರೂ ಅಷ್ಟೇ.

ಬೇಶರಮ್ ಗಿಡದ ಕಥೆಯೂ ಹತ್ತಿರ ಹತ್ತಿರ ಇದೇ. ಆಡು ತಿಂದರೆ ಅದಕ್ಕೆ ವಿಷ, ಅದಕ್ಕೇ ಯಾರೂ ಮುಟ್ಟದೆ ಅದು ಹಬ್ಬುತ್ತಾ ಹೋಗುತ್ತದೆ.

ಇಷ್ಟೊಂದು ಥರದ ಹಕ್ಕಿ ಒಂದೇ ಕೆರೆಯಲ್ಲಿ ಹೇಗೆ ಹೊಂದಿಕೊಂಡು ಇರುತ್ತವೆ? ಜಗಳ ಆಡುವುದಿಲ್ಲವಾ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಅವುಗಳ ಕಾಲು, ಕೊಕ್ಕು ಎರಡನ್ನು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ದಡದಿಂದ ಒಳಕ್ಕೆ ಹೋಗೋಣ. ಒಣಗುತ್ತಿರುವ ಕೆಸರಿನ ಮೇಲೆ ಬಾಲ ಕುಣಿಸುತ್ತಾ ಓಡುವುದು ಸಿಪಿಲೆ, ಹುಳ ಹಿಡಿಯುತ್ತದೆ. ಅಲ್ಲೇ ಮೇಲುಗಡೆ, ಗಟ್ಟಿ ನೆಲದಲ್ಲಿ ಟಿಟ್ಟಿಭ, ನೀವು ಹತ್ತಿರ ಹೋದರೆ ಇಡೀ ಕೆರೆಗೆ ಕೇಳುವ ಹಾಗೆ ಕೂಗುತ್ತದೆ. ಬೆರಳುದ್ದ ನೀರಿಗೆ ಇಳಿದರೆ ಗದ್ದೆ ಗೊರವ, ಕೆಸರಲ್ಲಿ ಕೊಕ್ಕು ಚುಚ್ಚಿ ಚುಚ್ಚಿ ತೆಗೆಯುತ್ತದೆ. ಗೇಣುದ್ದಕ್ಕೆ ಮೆಟ್ಟುಗಾಲು ಹಕ್ಕಿ. ಕಡ್ಡಿಯ ಹಾಗೆ ತೆಳ್ಳಗೆ, ಗುಲಾಬಿ ಬಣ್ಣದ ಕಾಲು, ಮೈಗೆ ಹೋಲಿಸಿದರೆ ಅಷ್ಟು ಉದ್ದದ ಕಾಲಿನ ಹಕ್ಕಿ ಸಿಗುವುದು ಕಷ್ಟ.

ಇನ್ನೂ ಸ್ವಲ್ಪ ಒಳಗೆ ದೊಡ್ಡವರು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆ ತೆರೆದು ನೀರಲ್ಲಿ ಅದ್ದಿ, ಕಾಲಿನಿಂದ ಕೆಸರು ಕಲಕುತ್ತದೆ. ಮೀನು ಕೊಕ್ಕಿಗೆ ತಾಗಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಕಣ್ಣಿನ ಕೆಲಸವೇ ಇಲ್ಲ, ಬಗ್ಗಡ ನೀರಲ್ಲೂ ಅದಕ್ಕೆ ಊಟ ಇದೆ. ಚಮಚ ಕೊಕ್ಕಿನ ಹಕ್ಕಿ ಕೊಕ್ಕನ್ನು ಆ ಕಡೆ ಈ ಕಡೆ ಬೀಸುತ್ತಾ ನಡೆಯುತ್ತದೆ, ಕುಡುಗೋಲು ಆಡಿಸಿದ ಹಾಗೆ. ಬಾಯಿಕಳಕ ಕೊಕ್ಕರೆಯ ಮೇಲಿನ ಕೊಕ್ಕು, ಕೆಳಗಿನ ಕೊಕ್ಕಿನ ನಡುವೆ ಒಂದು ಸಂದು ಇರುತ್ತದೆ, ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಅದರ ಮುಖ್ಯ ಊಟ ನೀರಿನ ದೊಡ್ಡ ಬಸವನಹುಳು. ಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನೊಳಗೆ ತೂರಿಸಿ ಒಳಗಿನ ಮಾಂಸ ಎಳೆದು ತೆಗೆಯುತ್ತದೆ. ಬಕ ಮಾತ್ರ ಯಾವುದನ್ನೂ ಕಲಕದೆ ಸುಮ್ನೆ ನಿಲ್ಲುತ್ತದೆ, ಕಣ್ಣು ನೀರಲ್ಲಿ ನೆಟ್ಟು.

ಆಳಕ್ಕೆ ಹೋದರೆ ಈಜುವವರು. ಸಲಿಕೆ ಬಾತು ಅಗಲ ಕೊಕ್ಕಿನಿಂದ ಮೇಲ್ನೀರು ಸೋಸುತ್ತದೆ. ಸೂಜಿಬಾಲದ ಬಾತು ತಲೆ ಕೆಳಗೆ, ಬಾಲ ಮೇಲೆ ಮಾಡಿ ತಳದ ಗಿಡ ಕೀಳುತ್ತದೆ. ನೀರುಕಾಗೆ ಪೂರ್ತಿ ಮುಳುಗಿ ಮೀನು ಅಟ್ಟುತ್ತದೆ. ಹಾವಕ್ಕಿ ಮೈ ಮುಳುಗಿಸಿ ಕತ್ತು ಮಾತ್ರ ಮೇಲೆ ಇಡುತ್ತದೆ, ಮೊದಲ ಸಲ ನೋಡಿದವರು ಹಾವು ಅಂತಲೇ ಅಂದುಕೊಳ್ಳುತ್ತಾರೆ.

ಹೀಗೆ ಒಂದೊಂದಕ್ಕೆ ಒಂದೊಂದು ಆಳ. ಅದಕ್ಕೇ ಇಳಿಜಾರಾದ ಅಂಚು ಇದ್ದರೆ ಇಪ್ಪತ್ತು ಥರದ ಹಕ್ಕಿಗೆ ಊಟ. ಅಂಚನ್ನು ಗೋಡೆಯ ಹಾಗೆ ನೇರ ಕಡಿದರೆ ಉಳಿಯುವುದು ಈಜುವವು, ಮುಳುಗುವವು ಮಾತ್ರ. ಈ ಒಂದು ಮಾತು ನೆನಪಿಡಿ, ಕೆಳಗೆ ಹೂಳಿನ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ಕೋಳಿ ಥರ ಇರುವ ಹಕ್ಕಿಗಳಲ್ಲಿ ಯಾವುದು ಯಾವುದು?

ಮೈಯೆಲ್ಲ ನೇರಳೆ-ನೀಲಿ, ಕೊಕ್ಕು, ಹಣೆ, ಕಾಲು ಕೆಂಪು ಇದ್ದರೆ ಜಂಬುಕೋಳಿ. ಹೆಸರೇ ಹೇಳುತ್ತದೆ, ಜಂಬಿನಲ್ಲೇ ಅದರ ಬದುಕು. ಆಪಿನ ಕಡ್ಡಿಯನ್ನು ಕಾಲಲ್ಲಿ ಹಿಡಿದು, ನಾವು ಕಬ್ಬು ತಿನ್ನುವ ಹಾಗೆ, ಸುಲಿದು ಒಳಗಿನ ಮೆತ್ತನೆಯದನ್ನು ತಿನ್ನುತ್ತದೆ. ಪೂರ್ತಿ ಕಪ್ಪು ಮೈ, ಹಣೆಯ ಮೇಲೆ ಬಿಳಿ ಇದ್ದರೆ ನಾಮದ ಕೋಳಿ, ಇದು ಬಯಲು ನೀರಲ್ಲಿ ಗುಂಪಾಗಿ ತೇಲುತ್ತದೆ. ಮುಖ, ಎದೆ ಬಿಳಿ, ಬಾಲದ ಕೆಳಗೆ ಇಟ್ಟಿಗೆ ಬಣ್ಣ ಇದ್ದರೆ ಹುಂಡುಕೋಳಿ. ಮಳೆಗಾಲದ ರಾತ್ರಿ ಪೂರ್ತಿ ಕೂಗುವುದು ಅದೇ.

ಪುಟ್ಟದಾಗಿ, ಬಾಲವೇ ಇಲ್ಲದ ಹಾಗೆ ಕಂಡು, ನೀವು ನೋಡುತ್ತಿರುವಾಗಲೇ ಮುಳುಗಿ ಬೇರೆಲ್ಲೋ ಏಳುತ್ತದಲ್ಲ, ಅದು ಗುಳುಮುಳುಕ. ತೇಲುವ ಗಿಡಗಳ ರಾಶಿಯ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಹಸಿ ಪಾಚಿ ಹೊದಿಸಿ ಹೋಗುತ್ತದೆ, ನೋಡಿದವರಿಗೆ ಬರೀ ಕಸ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ತಾವರೆ ಎಲೆ ಮೇಲೆ ನಡೆಯುವ ಹಕ್ಕಿ ನಿಜವಾಗಲೂ ಇದೆಯಾ? ಗಂಡು ಕಾವು ಕೂರುತ್ತದಂತೆ?

ಎರಡೂ ನಿಜ. ಅದು ದೇವನಕ್ಕಿ. ಬೆರಳುಗಳು ಎಷ್ಟು ಉದ್ದ ಅಂದರೆ ಮೈಭಾರ ಎಲೆಯ ಮೇಲೆ ಹಂಚಿಹೋಗಿ ಎಲೆ ಮುಳುಗುವುದಿಲ್ಲ. ಉದ್ದಬಾಲದ ದೇವನಕ್ಕಿಗೆ ಆ ಉದ್ದನೆಯ ಬಾಲ ಬರುವುದು ಮೊಟ್ಟೆ ಇಡುವ ಕಾಲಕ್ಕೆ, ಮಳೆಗಾಲದಲ್ಲಿ. ಚಳಿಗಾಲದಲ್ಲಿ ನೋಡಿ ಇದು ಬೇರೆ ಹಕ್ಕಿ ಅಂತ ವಾದ ಮಾಡುವವರು ಬಹಳ. ಹೆಣ್ಣು ಒಂದು ಗಂಡಿನ ಜೊತೆ ನಾಲ್ಕು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ಕಾವು ಕೂರುವುದು, ಮರಿ ಕಾಯುವುದು ಗಂಡಿನ ಕೆಲಸ. ನೀರು ಏರಿದರೆ ಮೊಟ್ಟೆಯನ್ನು ಇನ್ನೊಂದು ಎಲೆಗೆ ಸಾಗಿಸುತ್ತದೆ ಕೂಡ.

ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುವ ದೊಡ್ಡ ಬಾತು ಎಲ್ಲಿಯವು? ನಮ್ಮ ಕಡಲೆ ತಿನ್ನುತ್ತವಲ್ಲ ಅಣ್ಣಾ?

ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಕಾಲು. ಅವು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದನ್ನು ಮೈಗೆ ಯಂತ್ರ ಕಟ್ಟಿ ಅಳೆದಿದ್ದಾರೆ. ಅಷ್ಟು ತೆಳು ಗಾಳಿಯಲ್ಲೂ ಅವುಗಳ ರಕ್ತ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ನವೆಂಬರ್ ಸುಮಾರಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಡುತ್ತವೆ.

ಕಡಲೆ ಮಾತಿಗೆ ಬಂದರೆ, ಹೌದು, ತಿನ್ನುತ್ತವೆ. ಹಗಲು ನೀರಲ್ಲಿ ಕೂತು, ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ಎಳೆ ಚಿಗುರು ಅಂದರೆ ಅವಕ್ಕೆ ಇಷ್ಟ. ಹಕ್ಕಿಯನ್ನು ಪ್ರೀತಿಸುವವನು ಅಂತ ನಾನು ಇದನ್ನು ಮುಚ್ಚಿಡುವುದಿಲ್ಲ. ಹಿಂಡು ಬಂದು ಹೋದ ಬೆಳಗ್ಗೆ ನಮ್ಮ ಹೊಲದ ಬದುವಿನಲ್ಲೂ ಹೊಟ್ಟೆ ಉರಿದದ್ದಿದೆ. ತಟ್ಟೆ ಬಡಿಯಿರಿ, ಬ್ಯಾಟರಿ ಬೆಳಕು ಬಿಡಿ, ಹೊಳೆಯುವ ಪಟ್ಟಿ ಕಟ್ಟಿ. ಆದರೆ ಕಾಳಿಗೆ ಔಷಧ ಬೆರೆಸಿ ಚೆಲ್ಲಬೇಡಿ. ಅದನ್ನು ತಿಂದು ಸಾಯುವುದು ಬಾತು ಮಾತ್ರ ಆಗಿರುವುದಿಲ್ಲ, ನಿಮ್ಮ ಕೋಳಿ, ಸತ್ತದ್ದನ್ನು ತಿಂದ ನಾಯಿ, ಅದೇ ನೀರು ಕುಡಿದ ಎಮ್ಮೆ ಎಲ್ಲವೂ ಸೇರುತ್ತವೆ.

ಬೋನಾಳಕ್ಕೆ ಯಾವಾಗ ಬರಬೇಕು? ಅದು ಯಾವ ಕಾಲದ ಕೆರೆ?

ನವೆಂಬರಿನಿಂದ ಫೆಬ್ರವರಿ. ಬೆಳಗ್ಗೆ ಸೂರ್ಯ ಏಳುವ ಹೊತ್ತಿಗೆ ಕೆರೆ ಹತ್ತಿರ ಇರಬೇಕು, ಒಂಬತ್ತರ ಮೇಲೆ ಬಿಸಿಲು, ಹಕ್ಕಿಗಳೂ ಸುಮ್ಮನಾಗುತ್ತವೆ. ಸುರಪುರದಿಂದ ಹತ್ತಿರ. ಸುರಪುರದ ನಾಯಕರ ಕಾಲದ ಕೆರೆ ಇದು. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹೆಸರೂ ಇದರ ಜೊತೆ ಸೇರಿಕೊಂಡಿದೆ, ಅವನ ಬಂಗಲೆ ಟೇಲರ್ ಮಂಜಿಲ್ ಸುರಪುರದಲ್ಲಿದೆ, ಬಂದವರು ಅದನ್ನೂ ನೋಡಿ ಹೋಗಿ. ಈಗ ಬೋನಾಳ ಪಕ್ಷಿಧಾಮ. ಅಂದರೆ ಹಕ್ಕಿ ನೋಡಲು ಜನ ಕಟ್ಟಿದ ಜಾಗ ಇದಲ್ಲ, ಹೊಲಕ್ಕೆ ನೀರು ಬೇಕು ಅಂತ ಕಟ್ಟಿದ ಕೆರೆಗೆ ಹಕ್ಕಿಗಳು ತಾವಾಗಿ ಬಂದವು.

ಜವಳು ಇದ್ದರೆ ಸೊಳ್ಳೆ, ಡೆಂಗಿ ಬರುವುದಿಲ್ಲವಾ?

ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆ ಹತ್ತಿರದ ನಿಂತ ನೀರಿನಲ್ಲಿ. ಡ್ರಮ್ಮು, ತೊಟ್ಟಿ, ಟೈರು, ಮುಖ್ಯವಾಗಿ ನಮ್ಮ ಕಡೆ ಬೇಸಿಗೆ ಮುಗಿದ ಮೇಲೂ ನೀರು ಚೆಲ್ಲದೆ ಬಿಟ್ಟ ಕೂಲರ್. ಚರಂಡಿಯಲ್ಲಿ ಬೆಳೆಯುವ ಸೊಳ್ಳೆ ಬೇರೆ ಜಾತಿ. ಜೀವಂತ ಜವಳಿನಲ್ಲಿ ಸೊಳ್ಳೆ ಮರಿ ಇರುತ್ತವೆ, ಆದರೆ ಅವನ್ನು ತಿನ್ನಲು ಸಣ್ಣ ಮೀನು, ನೀರಿನೊಳಗೆ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ, ನೀರಿನ ಜೀರುಂಡೆ ಸಾಲುಗಟ್ಟಿ ಕೂತಿರುತ್ತವೆ. ಕೆರೆಗೆ ಚರಂಡಿ ಬಿಟ್ಟು ಮೀನು ಸತ್ತರೆ ಆಗ ಸೊಳ್ಳೆಗೆ ತಡೆ ಇರುವುದಿಲ್ಲ.

ಎಮ್ಮೆ ಬಿಡಬಹುದಾ? ಹಕ್ಕಿಗೆ ತೊಂದರೆ ಅಂತ ಕೆಲವರು ಬೈಯುತ್ತಾರೆ.

ಬಿಡಬಹುದು, ಬಿಡಬೇಕು ಅಂತಲೇ ನಾನು ಹೇಳುವುದು. ನಮ್ಮ ಮುತ್ಯಾ ಮಧ್ಯಾಹ್ನ ಎಮ್ಮೆಗಳನ್ನು ಆಪಿನೊಳಗೆ ಹೊಡೆಯುತ್ತಿದ್ದ. ಅವು ತುಳಿದು, ತಿಂದು, ಮಲಗಿ ಆಪಿನ ನಡುವೆ ದಾರಿ ಮಾಡುತ್ತಿದ್ದವು, ಅಲ್ಲಲ್ಲಿ ಬಯಲು ನೀರು ಆಗುತ್ತಿತ್ತು. ಜಂಬುಕೋಳಿಗೂ ಬಾತಿಗೂ ಅಂಥದ್ದೇ ಬೇಕು, ಸ್ವಲ್ಪ ಮರೆ, ಸ್ವಲ್ಪ ಬಯಲು. ಎಮ್ಮೆ ಬೆನ್ನ ಮೇಲೆ, ಕಾಲ ಬಳಿ ಬೆಳ್ಳಕ್ಕಿಗಳು ಹುಳ ಹಿಡಿಯುತ್ತಾ ನಡೆಯುವುದನ್ನು ನೋಡಿದ್ದೀರಲ್ಲ?

ರಾಜಸ್ಥಾನದ ಭರತ್‌ಪುರದಲ್ಲಿ 1982ರಲ್ಲಿ ಹಕ್ಕಿಗಳಿಗೆ ಒಳ್ಳೆಯದಾಗಲಿ ಅಂತ ಎಮ್ಮೆ, ದನ ಮೇಯುವುದನ್ನು ನಿಲ್ಲಿಸಿದರು. ಆಮೇಲೆ ಹುಲ್ಲು ಹಬ್ಬಿ ನೀರನ್ನೇ ಮುಚ್ಚಿಬಿಟ್ಟಿತು, ಎಷ್ಟೋ ಹಕ್ಕಿಗೆ ಜಾಗವೇ ಇಲ್ಲದಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ, ಎಮ್ಮೆ ಮೇಯುವುದು ಆ ಜವಳಿಗೆ ಬೇಕಾಗಿತ್ತು ಅಂತ ಕಂಡುಕೊಂಡರು. ಮುತ್ಯಾನಿಗೆ ಈ ಸುದ್ದಿ ಗೊತ್ತಿರಲಿಲ್ಲ, ಎಮ್ಮೆ ಗೊತ್ತಿತ್ತು. ಒಂದೇ ಎಚ್ಚರ: ಕೆಸರಿನ ಮೇಲೆ ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಮೊಟ್ಟೆ ಇಟ್ಟಿರುವ ತಿಂಗಳುಗಳಲ್ಲಿ ಆ ಜಾಗ ಬಿಟ್ಟು ಬೇರೆ ಕಡೆ ಇಳಿಸಿ.

ಹಾಗಾದರೆ ಹೂಳು ತೆಗೆಯಬಾರದಾ? ನಮಗೆ ನೀರು ಬೇಕಲ್ಲ.

ತೆಗೆಯಬೇಕು. ಬರದ ಸೀಮೆಯಲ್ಲಿ ಹುಟ್ಟಿದವನು ನಾನು, ಕೆರೆಯಲ್ಲಿ ನೀರು ಬೇಡ ಅಂತ ನನ್ನ ಬಾಯಿಂದ ಬರುವುದಿಲ್ಲ. ಕೆರೆಯ ಹೂಳು ಹೊಲಕ್ಕೆ ಬಂಗಾರ, ಹೊರುವಷ್ಟು ಹೊರಿರಿ. ಎಲ್ಲಿಂದ ತೆಗೆಯುತ್ತೀರಿ ಅನ್ನುವುದೇ ಪ್ರಶ್ನೆ.

ನನ್ನ ನೆಂಟರ ಊರಿನ ಒಂದು ಕೆರೆ ಇತ್ತು. ಹೆಸರು ಬೇಡ. ಜೆಸಿಬಿ ಬಂದವು. ಒಂದು ಬೇಸಿಗೆಯಲ್ಲಿ ಇಡೀ ಕೆರೆಯನ್ನು ಬಟ್ಟಲಿನ ಹಾಗೆ ಕೆರೆದು, ಸುತ್ತ ನೇರ ಇಳಿಜಾರು ಮಾಡಿ, ಕಲ್ಲು ಹಾಸಿ, ಮೇಲೆ ನಡೆಯುವ ದಾರಿ ಮಾಡಿದರು. ಆಪು ಹೋಯಿತು, ಅಂಗಳದ ಜಾಲಿಗಳು ಹೋದವು. ಉದ್ಘಾಟನೆ ದಿನ ನಾನೂ ಖುಷಿಪಟ್ಟಿದ್ದೆ, ನೀರು ತುಂಬಿ ಎಷ್ಟು ಚೆಂದ ಕಾಣುತ್ತಿತ್ತು. ಆ ಚಳಿಗಾಲ ಎರಡು ಸಲ ಹೋಗಿ ಕೂತೆ. ನಡುವೆ ಒಂದಿಷ್ಟು ನೀರುಕಾಗೆ, ಕೆಲವು ನಾಮದ ಕೋಳಿ. ಮೆಟ್ಟುಗಾಲು ಹಕ್ಕಿ ಒಂದೂ ಇರಲಿಲ್ಲ. ಚಮಚ ಕೊಕ್ಕಿನವು ಒಂದು ಸುತ್ತು ಹಾಕಿ, ಇಳಿಯಲು ಜಾಗ ಸಿಗದೆ, ಹಾಗೇ ಹೋದವು. ಮೊದಲೆಲ್ಲ ಅದೇ ಕೆರೆಯ ಹಳ್ಳದ ಬಾಯಲ್ಲಿ ಅವು ಡಿಸೆಂಬರ್ ಪೂರ್ತಿ ಇರುತ್ತಿದ್ದವು. ಇನ್ನೊಂದು, ಹಳ್ಳದ ಮಣ್ಣು ಸೋಸಲು ಆಪು ಇಲ್ಲದ್ದಕ್ಕೆ ಹೊಸ ಹೂಳು ನೇರ ಕೆರೆ ಹೊಟ್ಟೆಗೇ ಬಂದು ಕೂರತೊಡಗಿತು.

ಆದ್ದರಿಂದ ಪಂಚಾಯಿತಿಯಲ್ಲಿ ಮಾತು ಬಂದಾಗ ಹೀಗೆ ಕೇಳಿ. ಏರಿ ಕಡೆ, ನಡುವೆ, ಎಷ್ಟು ಬೇಕೋ ಅಷ್ಟು ಆಳ ಮಾಡಿ. ಹಳ್ಳ ಬರುವ ಕಡೆಯ ಅಂಚನ್ನು ಇಳಿಜಾರಾಗಿ, ಇದ್ದ ಹಾಗೆ ಬಿಡಿ. ಆಪನ್ನು ಒಂದು ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ ಕೊಯ್ಯಿರಿ, ಪೂರ್ತಿ ಒಮ್ಮೆಲೇ ಬೇಡ. ನಡೆಯುವ ದಾರಿ ಬೇಕಾದರೆ ಏರಿ ಮೇಲೆ ಆಗಲಿ, ಸುತ್ತ ಬೇಡ. ಕೆರೆ ನಡುವೆ ಮಣ್ಣಿನ ಒಂದು ದಿಬ್ಬ ಬಿಟ್ಟು ಜಾಲಿ ನೆಟ್ಟರೆ ಇನ್ನೂ ಒಳ್ಳೆಯದು. ಇದರಿಂದ ನೀರು ಕಡಿಮೆ ಆಗುವುದಿಲ್ಲ, ಖರ್ಚೂ ಕಡಿಮೆ.

ಕಾನೂನು ಏನು ಹೇಳುತ್ತದೆ? ರಾಮ್ಸರ್ ಅಂತಾರಲ್ಲ, ಅದರಲ್ಲಿ ನಮ್ಮದು ಇದೆಯಾ?

ರಾಮ್ಸರ್ ಇರಾನಿನ ಒಂದು ಊರು. 1971ರ ಫೆಬ್ರವರಿ 2ರಂದು ಅಲ್ಲಿ ಜೌಗು ಪ್ರದೇಶಗಳ ಒಪ್ಪಂದ ಆಯಿತು, ಭಾರತ 1982ರಲ್ಲಿ ಸೇರಿತು. ಕರ್ನಾಟಕದಿಂದ ಮೊದಲು ರಂಗನತಿಟ್ಟು 2022ರಲ್ಲಿ ಪಟ್ಟಿಗೆ ಹೋಯಿತು, 2024ರಲ್ಲಿ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ನಮ್ಮ ಮೂರು ಜಿಲ್ಲೆಯದ್ದು ಈ ನಾಲ್ಕರಲ್ಲಿ ಇಲ್ಲ. ಮಾಗಡಿ, ಅಂಕಸಮುದ್ರ ಎರಡೂ ನಮ್ಮಂಥ ಬಯಲುಸೀಮೆಯ ಕೆರೆಗಳೇ ಅನ್ನುವುದನ್ನು ಮಾತ್ರ ಗಮನಿಸಿ.

ದೇಶದಲ್ಲಿ 2017ರ ಜೌಗು ಪ್ರದೇಶ ನಿಯಮಗಳು ಇವೆ. ಆದರೆ ನೀರಾವರಿಗೆ, ಕುಡಿಯುವ ನೀರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ಆ ವ್ಯಾಖ್ಯೆಯಿಂದ ಹೊರಗೆ ಇಟ್ಟಿದ್ದಾರೆ. ನಮ್ಮ ಕಡೆ ಇರುವುದೆಲ್ಲ ಹೆಚ್ಚುಕಡಿಮೆ ಅಂಥವೇ. ಪಹಣಿ ತೆಗೆದು ನೋಡಿದರೆ ಜವಳಿನ ನೆಲ ಸಾಗುವಳಿಗೆ ಬಾರದ ಖರಾಬು. ಖರಾಬು ಅಂದರೆ ಕೆಟ್ಟದ್ದು. ಊರಿನ ಜನ, ಅಧಿಕಾರಿ, ಗುತ್ತಿಗೆದಾರ ಎಲ್ಲರೂ ಆ ಶಬ್ದವನ್ನೇ ಓದಿಕೊಂಡು ಬೆಳೆದಿದ್ದೇವೆ, ಅದಕ್ಕೇ ಅಲ್ಲಿ ಕಸ ಸುರಿಯಲು ಯಾರಿಗೂ ಕೈ ನಡುಗುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಕಾಲುವೆ ನೀರಿನಿಂದ ನಮ್ಮ ಹೊಲ ಜವಳು ಹಿಡಿದಿದೆ. ಅದನ್ನೂ ಹಕ್ಕಿಗೆ ಬಿಡಬೇಕಾ?

ಇಲ್ಲ ಕಾಕಾ, ಅದು ಬೇರೆ ವಿಷಯ. ನಾರಾಯಣಪುರ ಕಾಲುವೆಯ ಕೆಳಗೆ ಎರೆ ಹೊಲಕ್ಕೆ ವರ್ಷ ವರ್ಷ ಭತ್ತದ ನೀರು ನಿಲ್ಲಿಸಿದರೆ ತಗ್ಗಿನ ಹೊಲಗಳಿಗೆ ನೀರು ಬಸಿದು ಜವಳಾಗುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿದು ಸವಳೂ ಆಗುತ್ತದೆ. ಅದು ಹಾಳಾದ ಹೊಲ, ಅದನ್ನು ಸರಿಮಾಡಿಕೊಳ್ಳುವುದು ನಿಮ್ಮ ಹಕ್ಕು. ಬಸಿಗಾಲುವೆ ತೆಗೆಯಬೇಕು, ಮೇಲಿನವರು ನೀರು ಮಿತವಾಗಿ ಬಿಡಬೇಕು. ಬಸಿಗಾಲುವೆ ಹಳ್ಳಕ್ಕೆ ಸೇರುವ ಬಾಯಲ್ಲಿ ಒಂದು ತುಂಡು ಜೇಕು, ಆಪು ಬಿಟ್ಟರೆ ಹೊಲದ ಗೊಬ್ಬರ, ಔಷಧ ಸ್ವಲ್ಪವಾದರೂ ಅಲ್ಲೇ ತಡೆಯುತ್ತದೆ.

ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡರೆ? ಮೊಟ್ಟೆ ತಂದರೆ ತಪ್ಪಾ?

ತಪ್ಪು. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ, ಜೈಲು ಇದೆ. ಬಲೆಯಲ್ಲಿ ಸಿಕ್ಕಿದ್ದರೆ ಮೊದಲು ತಲೆಯ ಮೇಲೆ ಟವೆಲ್ ಹಾಕಿ, ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ. ಬಕ, ಹಾವಕ್ಕಿ ಆದರೆ ಕೊಕ್ಕು ಹಿಡಿದುಕೊಳ್ಳಿ, ಅವು ಕಣ್ಣಿಗೇ ಗುರಿ ಇಡುತ್ತವೆ. ದಾರ ಎಳೆಯಬೇಡಿ, ಕತ್ತರಿಸಿ. ಗಾಯ ಇದ್ದರೆ ಹತ್ತಿರದ ಅರಣ್ಯ ಕಚೇರಿಗೆ ಕೊಡಿ. ಒಟ್ಟಿಗೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಸುರಪುರ ದೂರ. ಕಲಬುರಗಿ, ಬೀದರ್‌ನಲ್ಲಿ ಎಲ್ಲಿ ನೋಡಬಹುದು?

ಬೀದರ್‌ನವರಿಗೆ ಕಾರಂಜಾ ಹಿನ್ನೀರು, ಮಾಂಜ್ರಾ ನದಿ ದಂಡೆ. ಕಲಬುರಗಿಯವರಿಗೆ ಬೆಣ್ಣೆತೊರಾ ಹಿನ್ನೀರು, ಭೋಸಗಾ ಕೆರೆ, ಭೀಮಾ ದಂಡೆ. ಯಾದಗಿರಿಯವರಿಗೆ ಹತ್ತಿಕುಣಿ. ಎಲ್ಲಿ ಹೋದರೂ ಗೇಟು, ಏರಿ ಬಿಟ್ಟು ಹಿನ್ನೀರಿನ ತೆಳು ತುದಿ ಹುಡುಕಿ. ನಿಮ್ಮೂರ ಸಣ್ಣ ಕೆರೆಯನ್ನು ಮೊದಲು ನೋಡಿ ಅನ್ನುವುದು ನನ್ನ ಆಸೆ.

ಶುರು ಮಾಡಲು ಏನು ಬೇಕು? ಮಕ್ಕಳನ್ನು ಕರೆತರಬಹುದಾ?

8x42 ದುರ್ಬೀನು (ಎಂಟು ಪಟ್ಟು ಹತ್ತಿರ ತೋರಿಸುವುದು, ಮುಂದಿನ ಗಾಜು 42 ಮಿ.ಮೀ. ಅಗಲ) ಒಂದಿದ್ದರೆ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಮರ್ಲಿನ್ ಅನ್ನುವ ಆ್ಯಪ್ ಉಚಿತವಾಗಿ ಸಿಗುತ್ತದೆ, ಫೋಟೋ ಅಥವಾ ಕೂಗು ಕೊಟ್ಟರೆ ಹೆಸರು ಹೇಳುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, 1987ರಿಂದ ಇದೆ, ಯಾರು ಬೇಕಾದರೂ ಸೇರಬಹುದು.

ಮಕ್ಕಳನ್ನು ಖಂಡಿತ ಕರೆತನ್ನಿ, ಆದರೆ ಕೆಸರಿಗೆ ಇಳಿಸಬೇಡಿ, ಮೇಲೆ ಗಟ್ಟಿ ಕಂಡರೂ ಕೆಳಗೆ ಸೊಂಟದವರೆಗೆ ಇಳಿಯುವ ಜಾಗ ಇರುತ್ತವೆ. ಕೆಂಪು, ಬಿಳಿ ಅಂಗಿ ಬೇಡ. ಬೆಳಗ್ಗೆ ಸೂರ್ಯ ಬೆನ್ನಿಗೆ ಬರುವ ಹಾಗೆ ಜಾಲಿ ಗಿಡದ ಮರೆಯಲ್ಲಿ ಕೂರಿ. ನೀವು ಬಂದ ಕೂಡಲೇ ಎಲ್ಲ ಹಾರಿಹೋಗುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಅರ್ಧ ಗಂಟೆ ಅಲುಗಾಡದೆ ಕೂತರೆ ಮೊದಲು ಟಿಟ್ಟಿಭ ಕೂಗು ನಿಲ್ಲಿಸುತ್ತದೆ, ಆಮೇಲೆ ಆಪಿನ ಸಂದಿಯಿಂದ ಜಂಬುಕೋಳಿ ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಬರುತ್ತದೆ.